ಸಹಾಯ ಬೇಕು: ರಸಪ್ರಶ್ನೆ ಸಂಜೆಗೆ ತಕರಾರಿಗೆ ಎಡೆಯಿಲ್ಲದ ಪ್ರಶ್ನೆಗಳು

ಸದಸ್ಯರೆಲ್ಲರಿಗೂ ನಮಸ್ಕಾರ. ಪಬ್ಬೊಂದರಲ್ಲಿ ನಡೆಯಲಿರುವ ಸಾಮಾನ್ಯ ಜ್ಞಾನದ ರಸಪ್ರಶ್ನೆ ಕಾರ್ಯಕ್ರಮಕ್ಕೆ ಪ್ರಶ್ನೆಗಳನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿದ್ದು, ಈ ಕೆಲಸದಲ್ಲಿ ಅನುಭವವುಳ್ಳವರ ನೆರವನ್ನು ಕೋರುತ್ತಿದ್ದೇನೆ.

ಪ್ರಶ್ನೆಗಳಿಗೆ ಕೊರತೆಯಿಲ್ಲ, ಒಂದೇ ಸರಿಯುತ್ತರ ಬರುವಂತೆ ಅವುಗಳನ್ನು ರೂಪಿಸುವುದೇ ಕಷ್ಟವಾಗಿದೆ. ‘ಜಗತ್ತಿನ ಅತಿ ಎತ್ತರದ ಪರ್ವತ ಯಾವುದು?’ ಎಂದಷ್ಟೇ ಕೇಳಿದರೆ, ಸಮುದ್ರ ಮಟ್ಟದಿಂದ 8,848.86 ಮೀಟರ್ ಎತ್ತರವಿರುವ ಎವರೆಸ್ಟ್ ಎಂಬುದು ನಿರೀಕ್ಷಿತ ಉತ್ತರವಾದರೂ, ಸಾಗರದೊಳಗಿನ ಬುಡದಿಂದ ಅಳೆದರೆ ಹವಾಯಿಯ ಮೌನಾ ಕೀ, ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರಿನ ಚಿಂಬೊರಾಜೊ ಎಂದು ವಾದಿಸುವವರು ಇದ್ದೇ ಇರುತ್ತಾರೆ, ಮತ್ತು ಅವರ ವಾದ ನ್ಯಾಯವಾದದ್ದೇ. ಅತಿ ದೊಡ್ಡ ಮರುಭೂಮಿಯ ಪ್ರಶ್ನೆಯೂ ಹಾಗೆಯೇ: ‘ಉಷ್ಣ’ ಎಂದು ಸೇರಿಸಿದರೆ ಸಹಾರಾ, ಬಿಟ್ಟರೆ ಅಂಟಾರ್ಕ್ಟಿಕಾ. ಶನಿಯ ಉಪಗ್ರಹಗಳ ಸಂಖ್ಯೆ ಹೊಸ ಶೋಧಗಳಿಂದ ಬದಲಾಗುತ್ತಲೇ ಇರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ನನಗೆ ಬೇಕಾಗಿರುವುದು, ಥಟ್ಟನೆ ಹೊಳೆಯದಿದ್ದರೂ ತಂಡದವರು ಕೂಡಿ ಯೋಚಿಸಿದರೆ ದಕ್ಕುವಂತಹ ಪ್ರಶ್ನೆಗಳು. ಸೂರ್ಯನನ್ನು ಸುತ್ತುವುದಕ್ಕಿಂತ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು ಹೆಚ್ಚು ಕಾಲ ತೆಗೆದುಕೊಳ್ಳುವ ಗ್ರಹ ಯಾವುದು ಎಂಬುದು ನನ್ನ ಮಟ್ಟಿಗೆ ಒಳ್ಳೆಯ ಮಾದರಿ. ಉತ್ತರ ಶುಕ್ರ; ಪರಿಭ್ರಮಣೆಗೆ ಸುಮಾರು 225 ಭೂದಿನಗಳಾದರೆ, ಒಂದು ತಿರುಗುವಿಕೆಗೆ ಸುಮಾರು 243 ದಿನಗಳು ಬೇಕು.

ವಿಜ್ಞಾನ, ಭೂಗೋಳದ ಪ್ರಶ್ನೆಗಳು ಸಾಕಷ್ಟಿವೆ. ಕ್ರೀಡೆ, ಸಂಗೀತ ಮತ್ತು ಚಿತ್ರಕಲೆಗಳಲ್ಲಿ ಇಂತಹ ಪ್ರಶ್ನೆಗಳು ನಿಮ್ಮಲ್ಲಿದ್ದರೆ ಉತ್ತರದ ಆಧಾರದೊಂದಿಗೆ ದಯವಿಟ್ಟು ಹಂಚಿಕೊಳ್ಳಿ. ಅಂಕಗಳು ಸಮವಾದಾಗ ಕೇಳಲು, ಅತಿ ಸಮೀಪದ ಅಂದಾಜಿಗೆ ಗೆಲುವು ನೀಡಬಹುದಾದ ಸಂಖ್ಯಾ ಪ್ರಶ್ನೆಗಳನ್ನೂ ಸೂಚಿಸಿದರೆ ಉಪಕಾರವಾಗುತ್ತದೆ.