ಅತ್ತಿಗೆ, ಟ್ಯೂಷನ್ ಬೇಡ, ಪುಟ್ಟಿ ಸೀಸರನ್ನು ಗಟ್ಟಿಯಾಗಿ ಓದಲಿ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಇಷ್ಟನ್ನೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಡೊಂಬಿವಲಿಯಲ್ಲಿ ಟ್ರೇನ್ ಹತ್ತಿ ಥಾಣೆ ಮುಟ್ಟುವಷ್ಟರಲ್ಲಿ ಕೇಳಿ ಮುಗಿಸಬಹುದು. ಅಣ್ಣನೂ ಕೇಳಲಿ. ಅಣ್ಣನೇ ಮುಖ್ಯವಾಗಿ ಕೇಳಬೇಕು.

ಗ್ರೂಪಿನಲ್ಲಿ ಉಳಿದವರಿಗೂ ವಿಷಯ ಗೊತ್ತಿರಲಿ. ನಮ್ಮ ಪುಟ್ಟಿ ಐಸಿಎಸ್‌ಇ ಹತ್ತನೇ ಕ್ಲಾಸ್. ಅವಳ ಇಂಗ್ಲಿಷ್ ಟೀಚರ್ ವರ್ಷದ ನಡುವೆ ಕೆಲಸ ಬಿಟ್ಟರು. ಹೊಸಬರು ಬೇರೆ ಊರಿನಲ್ಲಿದ್ದಾರೆ, ಹಾಗಾಗಿ ಲಿಟರೇಚರ್ ಪಾಠ ಮಾತ್ರ ಸಂಜೆ ಆನ್‌ಲೈನ್. ಇವಳು ಕ್ಯಾಮೆರಾ ಆಫ್ ಮಾಡಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾಳೆ. ಆಮೇಲೆ ಯೂಟ್ಯೂಬ್‌ನಲ್ಲಿ ನಾಟಕದ ಸಾರಾಂಶ ನೋಡುತ್ತಾಳೆ. ಕಥೆ ಕೇಳಿದರೆ ಪಟಪಟ ಹೇಳುತ್ತಾಳೆ, ಪುಸ್ತಕ ತೆರೆದು ನಾಲ್ಕು ಸಾಲು ಓದು ಅಂದರೆ ಬಾಯಿ ಬಿಡುವುದಿಲ್ಲ. ಅತ್ತಿಗೆ ಕೇಳಿದ್ದು, ಟ್ಯೂಷನ್ ಹಾಕಬೇಕಾ ಅಂತ. ಅಣ್ಣ ಅದರ ಕೆಳಗೆ ಹಾಕಿದ್ದು, ಲಿಟರೇಚರ್ ತಾನೇ, ಮ್ಯಾಥ್ಸ್ ನೋಡಿಕೊಳ್ಳಲಿ ಅಂತ. ಅಣ್ಣಾ, ಅದೇ ಪೇಪರಿಗೂ ಎಂಬತ್ತು ಮಾರ್ಕು ಬರೆಯುವುದಕ್ಕಿದೆ, ಇಪ್ಪತ್ತು ಇಂಟರ್ನಲ್. ಮ್ಯಾಥ್ಸ್‌ಗೂ ಅಷ್ಟೇ ಅಲ್ವಾ?

ಟ್ಯೂಷನ್ ಬೇಡ. ಟ್ಯೂಷನ್ನಿನವರೂ ಅದೇ ಸಾರಾಂಶವನ್ನು ಪ್ರಿಂಟ್ ಹಾಕಿ ಕೊಡುತ್ತಾರೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ಮೊಬೈಲ್ ಮುಂದೆ ಕೂತು ಕಲಿಸಿದವಳೂ ಹೌದು. ಆನ್‌ಲೈನ್ ಆದ ಕೂಡಲೇ ಲಿಟರೇಚರ್ ಕ್ಲಾಸಿನಲ್ಲಿ ಮೊದಲು ಹೋಗುವುದು ಗಟ್ಟಿಯಾಗಿ ಓದುವುದು. ಟೀಚರ್ ಪಿಪಿಟಿ ತೋರಿಸುತ್ತಾರೆ, ನೋಟ್ಸ್ ಕೊಡುತ್ತಾರೆ, ಪ್ರಶ್ನೆಗೆ ಉತ್ತರವೂ ಹೇಳಿಕೊಡುತ್ತಾರೆ. ಮಕ್ಕಳ ಬಾಯಿಂದ ಮಾತ್ರ ಒಂದು ಸಾಲೂ ಹೊರಡುವುದಿಲ್ಲ. ಅವರದೇ ತಪ್ಪು ಅಂತ ಅಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ದನಿ ಇನ್ನೊಬ್ಬರದನ್ನು ನುಂಗುತ್ತದೆ. ನೆಟ್ ಎಳೆದಾಡುತ್ತದೆ. ಹಾಗಾಗಿ ಎಲ್ಲರೂ ಮ್ಯೂಟ್.

ಇವಳಿಗಿರುವ ನಾಟಕ ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್. ಆ ನಾಟಕದಲ್ಲಿ ದೊಡ್ಡ ಜಗಳ ನಡೆಯುವುದೇ ಬಾಯಲ್ಲಿ. ಸೀಸರ್ ಅರ್ಧಕ್ಕೇ ಸತ್ತು ಹೋಗುತ್ತಾನೆ, ಮೂರನೇ ಅಂಕದ ಮೊದಲ ದೃಶ್ಯದಲ್ಲೇ. ಆಮೇಲೆ ರೋಮ್ ಯಾರ ಪಾಲಾಗಬೇಕು ಅನ್ನುವುದು ತೀರ್ಮಾನವಾಗುವುದು ಎರಡು ಭಾಷಣದಲ್ಲಿ. ಮೊದಲು ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್, ಆಮೇಲೆ ಸೀಸರ್‌ನ ಗೆಳೆಯ ಆಂಟನಿ.

ಈಗ ಅಣ್ಣಾ, ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಇದು ನಮ್ಮ ತಾಳಮದ್ದಳೆ ಮಾರಾಯಾ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕೂತು ಮಾತು. ಮಾಟುಂಗದಲ್ಲಿ ತಾಳಮದ್ದಳೆ ಇದೆ ಅಂದರೆ ಮಳೆಯಲ್ಲೂ ಓಡುತ್ತೀಯಲ್ಲ? ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಹೇಗೆ ಮಾತಾಡಿಸುತ್ತಾನೆ? ನೀನು ಧರ್ಮಿಷ್ಠ, ನೀನು ರಘುವಂಶದವನು ಅಂತ ಹೊಗಳುತ್ತಾ ಹೊಗಳುತ್ತಾ ಚುಚ್ಚುತ್ತಾನೆ. ಆಂಟನಿ ಮಾಡುವುದೂ ಅದನ್ನೇ. ಬ್ರೂಟಸ್ ಗೌರವಸ್ಥ, ಬ್ರೂಟಸ್ ಗೌರವಸ್ಥ ಅಂತ ಹೇಳಿ ಹೇಳಿ, ಆ ಮಾತಿಗೆ ಮಾನವೇ ಇಲ್ಲದ ಹಾಗೆ ಮಾಡುತ್ತಾನೆ. ಮೊದಲ ಸಲ ಹೇಳುವಾಗ ನಿಜಕ್ಕೂ ಮರ್ಯಾದೆ ಇದ್ದ ಹಾಗೆ ಕೇಳಿಸಬೇಕು. ಕೊನೆಗೆ ಅದೇ ಮಾತು ಬೈಗುಳ ಆಗಿರಬೇಕು. ಅಕ್ಷರ ಒಂದೂ ಬದಲಾಗಿಲ್ಲ, ದನಿ ಬದಲಾಗಿದೆ. ಇದನ್ನು ಕಣ್ಣಲ್ಲಿ ಓದಿದರೆ ತಿಳಿಯುವುದು ಹೇಗೆ? ಪರೀಕ್ಷೆಯಲ್ಲಿ ಒಂದು ತುಂಡು ಕೊಟ್ಟು, ಯಾರು ಯಾರಿಗೆ ಹೇಳಿದ್ದು, ಯಾಕೆ ಹೀಗೆ ಹೇಳಿದ ಅಂತ ಕೇಳುತ್ತಾರೆ. ಸಾರಾಂಶದವರು ‘ಆಂಟನಿ ವ್ಯಂಗ್ಯವಾಗಿ ಮಾತಾಡುತ್ತಾನೆ’ ಅಂತ ಒಂದು ಸಾಲು ಬರೆದು ಬಿಡುತ್ತಾರೆ. ಎಲ್ಲಿಂದ ವ್ಯಂಗ್ಯ ಶುರುವಾಯಿತು ಅಂತ ಕೇಳಿದರೆ ಮಕ್ಕಳು ಮೇಲೆ ಕೆಳಗೆ ನೋಡುತ್ತಾರೆ.

ಇನ್ನೊಂದು ಮಜಾ ಇದೆ. ಬ್ರೂಟಸ್ ಮಾತಾಡುವುದು ಗದ್ಯದಲ್ಲಿ, ಆಂಟನಿ ಪದ್ಯದಲ್ಲಿ. ಬ್ರೂಟಸ್ ಲೆಕ್ಕ ಒಪ್ಪಿಸುವವನ ಹಾಗೆ ಕಾರಣ ಕೊಡುತ್ತಾನೆ: ಸೀಸರ್ ಮೇಲೆ ಪ್ರೀತಿ ಇತ್ತು, ರೋಮ್ ಮೇಲೆ ಜಾಸ್ತಿ ಇತ್ತು. ಜನ ಒಪ್ಪುತ್ತಾರೆ ಕೂಡ. ಆಂಟನಿ ಹಾಗೆ ಲೆಕ್ಕ ಒಪ್ಪಿಸುವುದಿಲ್ಲ, ನಡುವೆ ಅಳುತ್ತಾನೆ, ಸುಮ್ಮನಾಗುತ್ತಾನೆ. ಸೀಸರ್‌ನ ಉಯಿಲು ಇದೆ ಅನ್ನುತ್ತಾನೆ, ಓದುವುದಿಲ್ಲ ಅನ್ನುತ್ತಾನೆ. ಜನ ಓದು ಓದು ಅಂತ ಬೊಬ್ಬೆ ಹಾಕುವ ತನಕ ಕಾಯಿಸುತ್ತಾನೆ. ಸೀಸರ್‌ನ ಮೇಲಂಗಿ ಎತ್ತಿ ತೋರಿಸಿ, ಇಲ್ಲಿ ಕ್ಯಾಸಿಯಸ್‌ನ ಕತ್ತಿ ಹೊಕ್ಕಿತು, ಇಲ್ಲಿ ಬ್ರೂಟಸ್‌ನದು ಅನ್ನುತ್ತಾನೆ. ಅವರು ಚುಚ್ಚುವಾಗ ಇವನು ಅಲ್ಲಿ ಇರಲೇ ಇಲ್ಲ! ಯಾವ ತೂತು ಯಾರದು ಅಂತ ಇವನಿಗೆ ಹೇಗೆ ಗೊತ್ತು? ಪುಟ್ಟಿಗೆ ಇದೊಂದು ಪ್ರಶ್ನೆ ಕೇಳಿ ನೋಡಿ ಅತ್ತಿಗೆ. ಸಾರಾಂಶದಲ್ಲಿ ಇರುವುದಿಲ್ಲ, ಪುಸ್ತಕ ತೆರೆಯಲೇಬೇಕು.

ಈಗ ಮಾಡಬೇಕಾದ್ದು ಹೇಳುತ್ತೇನೆ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳುತ್ತಾರೆ, ಆಮೇಲೆ ಅರ್ಥಧಾರಿ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಇವಳೂ ಹಾಗೇ ಮಾಡಲಿ. ನಾಲ್ಕೈದು ಸಾಲು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಲಿ, ಆಮೇಲೆ ಅದನ್ನೇ ಕನ್ನಡದಲ್ಲೋ ತುಳುವಿನಲ್ಲೋ ಆಂಟನಿಯೇ ಆಗಿ ಹೇಳಲಿ. ‘ಆಂಟನಿ ಹೀಗೆ ಹೇಳುತ್ತಾನೆ’ ಅಂತ ಅಲ್ಲ, ‘ನಾನು’ ಅಂತಲೇ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಲಿ. ಗ್ರೂಪಿಗೆ ಬೇಡ, ನನಗೊಬ್ಬಳಿಗೆ. ನಾಚಿಕೆ ಇರುವ ವಯಸ್ಸು, ಇಲ್ಲಿ ಹಾಕಿದರೆ ಚಿಕ್ಕಪ್ಪಂದಿರು ಚಪ್ಪಾಳೆ ಸ್ಟಿಕ್ಕರ್ ಹಾಕಿ ಹಾಕಿ ಕೆಲಸ ಕೆಡಿಸುತ್ತಾರೆ. ಉಚ್ಚಾರ ತಪ್ಪಿದರೆ ಯಾರೂ ತಿದ್ದಬೇಡಿ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದಳಾ ಅಂತ ಮಾತ್ರ ನಾನು ನೋಡುತ್ತೇನೆ. ತನ್ನ ದನಿ ತಾನೇ ಕೇಳಿ, ಅಯ್ಯೋ ಇದು ಸಪ್ಪೆ ಆಯಿತು ಅಂತ ಅವಳೇ ಇನ್ನೊಂದು ಸಲ ಓದುತ್ತಾಳೆ ನೋಡಿ. ಕ್ಲಾಸಿನಲ್ಲಿ ಇಷ್ಟು ಮಕ್ಕಳ ನಡುವೆ ಆ ಅವಕಾಶ ಎಲ್ಲಿ? ದೂರದ ಪಾಠದಿಂದ ಒಳ್ಳೆಯದು ಆಗಿದ್ದರೆ ಇದೊಂದೇ.

ಪುಸ್ತಕ ಕಾಗದದ್ದೇ ಇರಲಿ. ಪಿಡಿಎಫ್‌ನಲ್ಲಿ ಓದುತ್ತಿದ್ದಾಳೆ ಅಂದಿರಿ, ಅದೇ ಮೊಬೈಲ್‌ಗೆ ನಡುನಡುವೆ ಇನ್‌ಸ್ಟಾಗ್ರಾಂ ಟಿಣ್ ಅನ್ನುತ್ತದೆ. ಅಣ್ಣ ಮಾಟುಂಗಕ್ಕೆ ಹೋದಾಗ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಕೇಳಲಿ, ಹಳೇ ಸ್ಕೂಲ್ ಎಡಿಶನ್ ಸಿಗುತ್ತದೆ. ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಿದ್ದರೆ ಇನ್ನೂ ಒಳ್ಳೆಯದು.

ಗೀಚುವುದು ಅಂದಾಗ ನೆನಪಾಯಿತು. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಮಂಡೇಲಾ ಜೊತೆಗಿದ್ದ ಒಬ್ಬ ಭಾರತೀಯ ಮೂಲದ ಕೈದಿಯ ಹತ್ತಿರ ಷೇಕ್ಸ್‌ಪಿಯರ್ ಸಮಗ್ರ ಇತ್ತು. ಕಾವಲಿನವರಿಗೆ ಗೊತ್ತಾಗದಿರಲಿ ಅಂತ ರಟ್ಟಿನ ಮೇಲೆ ದೀಪಾವಳಿ ಕಾರ್ಡುಗಳನ್ನು ಅಂಟಿಸಿ, ಇದು ನಮ್ಮ ಧರ್ಮಗ್ರಂಥ ಅಂದಿದ್ದ. ಹಲವು ಕೈದಿಗಳು ತಮಗೆ ಹಿಡಿಸಿದ ಸಾಲಿನ ಪಕ್ಕ ಸಹಿ ಹಾಕಿದರು. ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು ಇದೇ ಸೀಸರ್ ನಾಟಕದಲ್ಲಿ. ಹೇಡಿ ಸಾಯುವ ಮೊದಲೇ ಎಷ್ಟೋ ಸಲ ಸಾಯುತ್ತಾನೆ ಅಂತ ಸೀಸರ್ ಹೆಂಡತಿಗೆ ಹೇಳುತ್ತಾನಲ್ಲ, ಆ ಜಾಗ. ಪುಟ್ಟಿಗೂ ಹೇಳಿ, ಇಡೀ ನಾಟಕದಲ್ಲಿ ಒಂದು ಜಾಗ ಆರಿಸಿ ಸಹಿ ಹಾಕಿ ತಾರೀಕು ಬರೆಯಲಿ. ಯಾಕೆ ಅದೇ ಅಂತ ಕೇಳಲು ಹೋಗಬೇಡಿ, ಅವಳೇ ಹೇಳಿದರೆ ಸರಿ.

ಕ್ಯಾಮೆರಾ ವಿಷಯಕ್ಕೆ ಜಗಳ ಬೇಡ ಅತ್ತಿಗೆ. ಹಾಲ್‌ನಲ್ಲಿ ಟಿವಿ, ಹಿಂದೆ ಒಣಗಲು ಹಾಕಿದ ಬಟ್ಟೆ, ಆಚೆ ಕುಕ್ಕರ್ ಕೂಗು. ಯಾವ ಮಗು ಕ್ಯಾಮೆರಾ ಹಾಕುತ್ತದೆ? ಆ ಹೊತ್ತಿಗೆ ಬೆಡ್‌ರೂಮ್ ಬಿಟ್ಟುಕೊಡಿ, ಬಾಗಿಲು ಹಾಕಿಕೊಳ್ಳಲಿ.

ಇನ್ನು ಜನರ ಗುಂಪಿನ ಮಾತು ಒಬ್ಬಳೇ ಓದಿದರೆ ಏನೂ ಆಗುವುದಿಲ್ಲ. ಮನೆ ಸುಡು, ಕೊಲ್ಲು ಅಂತ ಊರೇ ಎದ್ದು ನಿಲ್ಲುವ ಜಾಗ ಅದು. ಮುಂದಿನ ದೃಶ್ಯದಲ್ಲಿ, ಕೊಂದವರಲ್ಲಿ ಒಬ್ಬನದೂ ಇವನದೂ ಹೆಸರು ಒಂದೇ ಅಂತ ಸಿನ್ನಾ ಅನ್ನುವ ಪಾಪದ ಕವಿಯನ್ನು ಅದೇ ಜನ ಕೊಂದು ಹಾಕುತ್ತಾರೆ. ಇದಕ್ಕೆ ನಾಲ್ಕು ಜನರಾದರೂ ಬೇಕು. ಭಾನುವಾರ ನಾನು ಬರುತ್ತೇನೆ. ಅಣ್ಣ ಬ್ರೂಟಸ್, ಕನ್ನಡದಲ್ಲಿ ಓದಿದರೂ ಸಾಕು. ಪುಟ್ಟಿ ಆಂಟನಿ. ಅತ್ತಿಗೆ, ನೀವೂ ನಾನೂ ರೋಮ್‌ನ ಜನ, ಕೂಗುವುದಷ್ಟೇ ಕೆಲಸ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಮತ್ತೆ ಊಟಕ್ಕೆ ನೀರುದೋಸೆ ಮಾಡಿ, ಪಲ್ಯ ನಾನು ತರುತ್ತೇನೆ.