ಸಹಾಯ ಬೇಕು: ಮಡಚುವ ಚಾಕುವಿನ ಅಲಗು ಸಿಕ್ಕಿಕೊಳ್ಳುತ್ತಿದೆ

ಅಪ್ಪ ಕೊಟ್ಟ ಮಡಚುವ ಚಾಕು ಇದು. ಕತ್ತರಿ, ಸ್ಕ್ರೂಡ್ರೈವರ್, ಓಪನರ್ ಎಲ್ಲ ಒಂದರಲ್ಲೇ ಇವೆ. ಈಗ ದೊಡ್ಡ ಅಲಗು ಅರ್ಧಕ್ಕೇ ನಿಲ್ಲುತ್ತದೆ. ಉಗುರು ಸಿಕ್ಕಿಸಿ ಎಳೆದರೆ ಕರಕರ ಅನ್ನುತ್ತದೆ.

ಬೆಳಕಿಗೆ ಹಿಡಿದು ನೋಡಿದೆ. ಕೀಲಿನ ಸಂದಿಯಲ್ಲಿ ಜೇಬಿನ ನೂಲು, ಒಣಗಿದ ಹಣ್ಣಿನ ರಸ, ಪಕ್ಕದಲ್ಲೇ ಸಾಸಿವೆಯಷ್ಟು ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ಆದರೂ ಒದ್ದೆ ಇಟ್ಟರೆ ತುಕ್ಕು ಬರುತ್ತೆ ಅಲ್ವಾ.

ಬೆಚ್ಚಗಿನ ಸೋಪು ನೀರಲ್ಲಿ ಅದ್ದಿ, ಹತ್ತಾರು ಸಲ ಬಿಚ್ಚಿ ಮಡಚಿ, ಚೆನ್ನಾಗಿ ಒಣಗಿಸಿದೆ. ಸ್ವಲ್ಪ ಸಡಿಲವಾಯಿತು, ಅಷ್ಟೇ.

ಕೀಲಿಗೆ ಯಾವ ಎಣ್ಣೆ ಹಾಕಲಿ? ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಅದು ಬೇಡ. ಇದರಲ್ಲೇ ಹಣ್ಣು ಹೆಚ್ಚುತ್ತೇನೆ. ಫುಡ್ ಗ್ರೇಡ್ ಮಿನರಲ್ ಆಯಿಲ್ ಒಂದು ಹನಿ ಸಾಕಾ? ತುಕ್ಕನ್ನು ಗೀರು ಬೀಳದ ಹಾಗೆ ತೆಗೆಯುವುದು ಹೇಗೆ? ರಿವೆಟ್ ಬಿಚ್ಚುವ ಧೈರ್ಯ ನನಗಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.