ಸಹಾಯ ಬೇಕು: ಚರ್ಮದ ಮಾದರಿಯ ಜೆಲ್ ಮೆತ್ತಗಿದ್ದರೆ ಕುಗ್ಗುತ್ತದೆ, ಗಟ್ಟಿಯಿದ್ದರೆ ಕೋಶ ಹರಡುವುದಿಲ್ಲ

ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೆಲ್‌ಎಂಎ, ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ಜೆಲಾಟಿನ್, ಅದರೊಳಗೆ ಫೈಬ್ರೋಬ್ಲಾಸ್ಟ್ (ಒಳಚರ್ಮದ ಕೋಶ) ಬೆರೆಸಿ ಒಳಚರ್ಮ ಮಾಡಬೇಕು. ಮೇಲೆ ಕೆರಟಿನೋಸೈಟ್ (ಮೇಲ್ಚರ್ಮದ ಕೋಶ) ಬಿತ್ತಿ ಮೇಲ್ಚರ್ಮ ಬೆಳೆಸಬೇಕು.

5% ಜೆಲ್‌ನಲ್ಲಿ ಫೈಬ್ರೋಬ್ಲಾಸ್ಟ್‌ಗಳು ಚೆನ್ನಾಗಿ ಕೈಕಾಲು ಚಾಚುತ್ತವೆ. ತೊಂದರೆ ಏನೆಂದರೆ, ಅವೇ ಜೆಲ್ಲನ್ನು ಎಳೆದು ಕುಗ್ಗಿಸುತ್ತವೆ. ಅಂಚು ಇನ್ಸರ್ಟ್ (ಜೆಲ್ ಕೂರಿಸುವ ಪುಟ್ಟ ಬಟ್ಟಲು) ಗೋಡೆಯಿಂದ ಬಿಟ್ಟು ಸುಟ್ಟ ಹಪ್ಪಳದ ಹಾಗೆ ಮುದುಡುತ್ತದೆ. ಆ ಸಂದಿಯಿಂದ ಮೀಡಿಯಂ, ಅಂದರೆ ಕೋಶಗಳ ಪೋಷಕ ದ್ರವ, ಮೇಲೆ ನುಗ್ಗಿ ಕೆರಟಿನೋಸೈಟ್ ಮುಳುಗುತ್ತವೆ. ಗಾಳಿ ತಾಗದಿದ್ದರೆ ಮೇಲಿನ ಪದರ ಬಲಿಯುವುದಿಲ್ಲ, ಅಲ್ವಾ?

10% ಮಾಡಿದರೆ ಕುಗ್ಗುವುದಿಲ್ಲ. ಕೋಶಗಳೂ ಬದುಕಿರುತ್ತವೆ, ಬಣ್ಣ ಹಾಕಿ ನೋಡಿದರೆ ಹಸಿರೇ. ಆದರೆ ಸಾಬೂದಾನಿ ಥರ ದುಂಡಗೆ ಸುಮ್ನೆ ಕೂತಿರುತ್ತವೆ.

ಗಡಸುತನ ತಗ್ಗಿಸಲು 405 ನ್ಯಾನೋಮೀಟರ್ ಬೆಳಕು ಬಿಡುವ ಸಮಯ ಕಡಿಮೆ ಮಾಡಿದೆ. ಒಂದು ಕಡೆ ಗಟ್ಟಿ, ಒಂದು ಕಡೆ ಲೊಳಲೊಳ. ಕೋಶಗಳ ಸಂಖ್ಯೆ ಇಳಿಸಿದೆ. ಕುಗ್ಗುವುದು ತಗ್ಗಿತು, ಒಳಚರ್ಮ ಮಾತ್ರ ಖಾಲಿ ಖಾಲಿ. (ಡಿಸೆಂಬರ್ ಬೆಳಗ್ಗೆ ಇಲ್ಲಿನ ಚಳಿಗೆ ಜೆಲಾಟಿನ್ ಪಿಪೆಟ್ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಟಿಪ್‌ಗಳನ್ನು 37 ಡಿಗ್ರಿಯಲ್ಲಿ ಇಟ್ಟು ಅದನ್ನು ಸರಿ ಮಾಡಿಕೊಂಡೆ.)

ಈಗ ಎರಡು ದಾರಿ ಕಾಣುತ್ತಿವೆ. 10% ಇಟ್ಟುಕೊಂಡು ಮೆಥಾಕ್ರಿಲೇಷನ್ (ಬೆಳಕು ಬಿದ್ದಾಗ ಬೆಸೆಯುವ ಗುಂಪುಗಳನ್ನು ಜೆಲಾಟಿನ್‌ಗೆ ಸೇರಿಸಿರುವ ಪ್ರಮಾಣ) ಕಡಿಮೆ ಇರುವ ಜೆಲ್‌ಎಂಎ ಬಳಸುವುದು. ಇಲ್ಲಾಂದ್ರೆ 5%ಗೆ ಕೊಲಾಜನ್ (ಚರ್ಮದ ನಾರಿನ ಪ್ರೋಟೀನ್) ಅಥವಾ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿದಾಗ ಆಗುವ ನಾರಿನ ಪ್ರೋಟೀನ್) ಸೇರಿಸುವುದು. ಕೊಲಾಜನ್ ತಾನೇ ಜಾಸ್ತಿ ಕುಗ್ಗುವ ಜೆಲ್, ಅದೇ ನನ್ನ ಅನುಮಾನ.

ಪೂರ್ಣ ಚರ್ಮದ ಮಾದರಿ ಬೆಳೆಸಿದವರು ಹೇಳಿ: ಇವೆರಡರಲ್ಲಿ ಮೊದಲು ಯಾವುದನ್ನು ಮಾಡಲಿ? ಎಷ್ಟು ಕಿಲೋಪ್ಯಾಸ್ಕಲ್ ಗಡಸುತನದಲ್ಲಿ ನಿಮಗೆ ಕೋಶವೂ ಹರಡಿ ಅಂಚೂ ನಿಂತಿತು?